ಗುಡ್ಡದ ಮೇಲಿನ ಸೌದಾ

ಆದವಾನಿಯ ಅರಳೆ ಬಜಾರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕೂತು, ಲೋಡಿಗೆ ಒರಗಿ, ಹೊಟ್ಟೆಯನ್ನು ಮುಂದಿಟ್ಟುಕೊಂಡು ವ್ಯಾಪಾರ ಮಾಡುವ ಮಂದಿಗೆ ಇದ್ದಕ್ಕಿದ್ದಂತೆ ಗುಡ್ಡ ಹತ್ತುವ ಹುಚ್ಚು ಹಿಡಿಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ಊರು ಹುಟ್ಟಿದಾಗಿನಿಂದ ಗುಡ್ಡಗಳು ಊರ ಬೆನ್ನಿಗೇ ಇವೆ. ಕೋಟೆಯೂ ಅವುಗಳ ಮೇಲೆಯೇ ಇದೆ. ಹುಲ್ಲು ಕೊಯ್ಯುವವರು, ಆಡು ಕಾಯುವವರು, ಹರಕೆ ಹೊತ್ತವರು ಬಿಟ್ಟರೆ ಅವನ್ನು ಹತ್ತಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಸೌಕಾರರ ಲೆಕ್ಕದಲ್ಲಂತೂ ಗುಡ್ಡವೆಂದರೆ ಸಂಜೆ ಅಂಗಡಿಗೆ ಬೇಗ ನೆರಳು ಕೊಡುವ ಒಂದು ಅನುಕೂಲ, ಅಷ್ಟೆ.

ಹುಚ್ಚು ಹಿಡಿಸಿದವನು ಭೀಮಲಿಂಗಪ್ಪ. ಜಿನ್ನಿಂಗ್ ಫ್ಯಾಕ್ಟರಿಗೆ ಹತ್ತಿ ಖರೀದಿ ಮಾಡುವ ಮನುಷ್ಯ. ಎತ್ತರದ ಆಳು, ಉದ್ದ ಕೈ, ಅದಕ್ಕಿಂತ ಉದ್ದ ನಾಲಗೆ. ವ್ಯಾಪಾರದ ಕೆಲಸಕ್ಕೆ ಬೊಂಬಾಯಿಗೆ ಹೋದವನು ಅಲ್ಲಿ ಪಾರ್ಸಿ ಸೇಠುಗಳು ಭಾನುವಾರ ಬೆನ್ನಿಗೆ ಚೀಲ ಹಾಕಿಕೊಂಡು, ಕೋಲು ಹಿಡಿದು, ರೈಲು ಹತ್ತಿ ಎಲ್ಲಿಗೋ ಹೋಗಿ, ಒಂದು ಗುಡ್ಡ ಹತ್ತಿ, ಇಳಿದು, ಸಂಜೆ ಮನೆಗೆ ಬರುವುದನ್ನು ನೋಡಿದ. ಆ ಗುಡ್ಡದ ಮೇಲೆ ಗುಡಿ ಇತ್ತೇ? ಇಲ್ಲವಂತೆ. ಹರಕೆ? ಅದೂ ಇಲ್ಲ. ಸುಮ್ಮನೆ ಹತ್ತುವುದು, ಸುಮ್ಮನೆ ಇಳಿಯುವುದು. ಸೇಠುಗಳು ಮಾಡಿದ್ದಾರೆಂದ ಮೇಲೆ ಅದರಲ್ಲಿ ಏನೋ ಲಾಭ ಇರಲೇಬೇಕು ಎಂದು ಬಜಾರು ತೀರ್ಮಾನಿಸಿತು. ಹಾಗೆ ಹುಟ್ಟಿದ್ದು ಆದವಾನಿ ಗಿರಿವಿಹಾರ ಸಂಘ. ಮಂದಿಯ ಬಾಯಲ್ಲಿ ಅದು ಗುಡ್ಡದ ಸಂಘ.

ಭೀಮಲಿಂಗಪ್ಪ ಅಧ್ಯಕ್ಷ. ಫ್ಯಾಕ್ಟರಿಯ ಗುಮಾಸ್ತ ಚಂದ್ರಣ್ಣ ಕಾರ್ಯದರ್ಶಿ. ಇಂಗ್ಲಿಷು ಬಲ್ಲ ಎಳೆಯ ವಯಸ್ಸಿನವ, ಖಾಕಿ ಚಡ್ಡಿ ಹಾಕಿ ಕೊರಳಿಗೆ ಸೀಟಿ ಕಟ್ಟಿಕೊಂಡು ಬಂದು ಮೊದಲ ದಿನವೇ ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿದ. ಪ್ರತಿ ಭಾನುವಾರ ಬಜಾರಿಗೆ ರಜೆ. ಬೆಳಿಗ್ಗೆ ಎಲ್ಲರೂ ಕೋಟೆಯ ಬಾಗಿಲಲ್ಲಿ ಸೇರಬೇಕು. ಹೊರಡುವ ಮುಂಚೆ ಒಬ್ಬೊಬ್ಬರಾಗಿ ಅಧ್ಯಕ್ಷರಿಗೆ ಶೇಕ್‌ಹ್ಯಾಂಡ್ ಕೊಡಬೇಕು. ಕಡಿದಾದ ಜಾಗದಲ್ಲಿ ಮೇಲೆ ಹತ್ತಿದವನು ಕೆಳಗಿನವನ ಕೈ ಹಿಡಿದು ಎಳೆದುಕೊಳ್ಳಬೇಕು. ಇವು ಬೊಂಬಾಯಿಯಿಂದ ಬಂದ ನಿಯಮಗಳು. ರೊಟ್ಟಿ ಬುತ್ತಿ, ಕುಡಿಯುವ ನೀರಿನ ತಾಮ್ರದ ಬಿಂದಿಗೆ, ಊಟದ ನಂತರ ಒರಗಲು ಎರಡು ಲೋಡು, ಇವನ್ನು ಹೊರಲು ಆಳು, ಇವು ಆದವಾನಿಯವರು ತಾವಾಗಿ ಸೇರಿಸಿದ ತಿದ್ದುಪಡಿಗಳು.

ಬಜಾರೆಲ್ಲ ಸಂಘಕ್ಕೆ ಸೇರಿತು. ಸೇರದೆ ಉಳಿದವನು ಒಬ್ಬನೇ, ಹತ್ತಿ ದಲಾಲಿ ಸೋಮಶೇಖರಪ್ಪ. ಅವನಿಗೆ ಗುಡ್ಡದ ಮೇಲೆ ಸಿಟ್ಟಿರಲಿಲ್ಲ. ತೊಡಕು ಇದ್ದದ್ದು ಆ ಶೇಕ್‌ಹ್ಯಾಂಡಿನಲ್ಲಿ.

ಅದನ್ನು ಹೇಳಬೇಕಾದರೆ ಬಜಾರಿನ ವಲ್ಲಿಯ, ಅಂದರೆ ಹೆಗಲವಸ್ತ್ರದ, ಸಂಗತಿ ಹೇಳಬೇಕು. ಅರಳೆ ಬಜಾರಿನಲ್ಲಿ ದರವನ್ನು ಬಾಯಿ ಬಿಟ್ಟು ಆಡುವುದಿಲ್ಲ. ದಲಾಲಿ ಮತ್ತು ಖರೀದಿದಾರ ಎದುರುಬದುರು ಕೂರುತ್ತಾರೆ. ಒಬ್ಬನು ಹೆಗಲ ಮೇಲಿನ ವಲ್ಲಿ ತೆಗೆದು ಇಬ್ಬರ ಬಲಗೈಗಳ ಮೇಲೆ ಹೊದಿಸುತ್ತಾನೆ. ಅದರ ಕೆಳಗೆ ಬೆರಳು ಬೆರಳನ್ನು ಹಿಡಿದು, ಒತ್ತಿ, ಬಿಟ್ಟು, ಮತ್ತೆ ಹಿಡಿದು ಸೌದಾ ಕುದುರಿಸುತ್ತಾರೆ. ಸುತ್ತ ಕೂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಆ ಮುಖಗಳು ಗೋಡೆಯ ಹಾಗೆ ಇರುತ್ತವೆ. ವಲ್ಲಿಯ ಕೆಳಗೆ ಏನಾಯಿತೆಂದು ಯಾರೂ ಕೇಳಬಾರದು, ಯಾರೂ ಸಾಕ್ಷಿ ಹೇಳಬಾರದು. ಸೌದಾ ಮುಗಿಯುವ ತನಕ ಕೈ ಹಿಂತೆಗೆಯಬಾರದು, ವಲ್ಲಿ ಎತ್ತಬಾರದು. ಮೂರನೆಯವನು ವಲ್ಲಿ ಮುಟ್ಟುವುದಂತೂ ಉಟ್ಟ ಧೋತರಕ್ಕೆ ಕೈ ಹಾಕಿದಷ್ಟೇ ತಪ್ಪು.

ಸೋಮಶೇಖರಪ್ಪನೂ ಭೀಮಲಿಂಗಪ್ಪನೂ ಒಂದೇ ಓಣಿಯಲ್ಲಿ ಗೋಲಿ ಆಡಿ ಬೆಳೆದವರು. ದೊಡ್ಡವರಾದ ಮೇಲೆ ಒಬ್ಬ ದಲಾಲಿ, ಒಬ್ಬ ಖರೀದಿದಾರ. ಹತ್ತಿಯ ಕಾಲದಲ್ಲಿ ದಿನವೂ ವಲ್ಲಿಯ ಕೆಳಗೆ ಕೈ ಸೇರಿಸಿ ಕೂರುವುದೇ ಕೆಲಸ. ನಿಜ ಹೇಳಬೇಕೆಂದರೆ ಸೋಮಶೇಖರಪ್ಪ ಕಟ್ಟಿಕೊಂಡ ಹೆಂಡತಿಯ ಕೈಗಿಂತ ಹೆಚ್ಚು ಹೊತ್ತು ಹಿಡಿದದ್ದು ಭೀಮಲಿಂಗಪ್ಪನ ಕೈಯನ್ನೇ. ಕತ್ತಲಲ್ಲಿ ನೂರು ಕೈ ಚಾಚಿದರೂ ಅದನ್ನು ಗುರುತಿಸುತ್ತಿದ್ದ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮನೆಯಲ್ಲಿ ಹೋಳಿಗೆ ಉಂಡು ಬಂದು, ಹಾಗೆಯೇ ವಲ್ಲಿ ಹೊದಿಸಿ ಸೌದಾಕ್ಕೆ ಕೂತಿದ್ದರು. ಬಿಸಿಲು, ಹೋಳಿಗೆ, ತುಪ್ಪ. ಸೋಮಶೇಖರಪ್ಪ ಕಣ್ಣು ಮುಚ್ಚಿ ಯೋಚಿಸತೊಡಗಿದ. ಯೋಚನೆ ಆಳಕ್ಕೆ ಇಳಿಯಿತು. ಬಾಯಿ ತೆರೆಯಿತು. ಸ್ವಲ್ಪ ಹೊತ್ತಿಗೆ ಗೊರಕೆಯೂ ಕೇಳಿತು. ಭೀಮಲಿಂಗಪ್ಪ ಮೊದಲೇ ಚೇಷ್ಟೆಯ ಮನುಷ್ಯ. ಸುತ್ತ ನೋಡಿದ, ಕಣ್ಣು ಮಿಟುಕಿಸಿದ, ವಲ್ಲಿಯನ್ನು ಸರ್ರನೆ ಎಳೆದುಬಿಟ್ಟ.

"ನೋಡ್ರಪಾ, ನೋಡ್ರಿ! ನನ್ನ ಕೈ ಹಿಡಕೊಂಡು ಹೊಸ ಮದಲಿಂಗನಂಗ ಮಲಗ್ಯಾನ!"

ಬಜಾರು ಬಿದ್ದು ಬಿದ್ದು ನಕ್ಕಿತು. ಸೋಮಶೇಖರಪ್ಪ ಕಣ್ಣು ಬಿಟ್ಟಾಗ ಕಂಡದ್ದು ಹಾಡಹಗಲಲ್ಲಿ ನಾಲ್ಕು ಮಂದಿಯ ಮುಂದೆ ಬೆತ್ತಲೆ ಬಿದ್ದ ಎರಡು ಕೈ. ಎದ್ದು ನಿಂತ. ಕೊರಳಿನ ಲಿಂಗದ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದ.

"ಈ ಲಿಂಗದಾಣಿ ಭೀಮಲಿಂಗಾ, ಇನ್ನ ಮ್ಯಾಗ ಈ ಕೈ ನಿನ್ನ ಕೈ ಹಿಡಿದದ್ದನ್ನ ಒಬ್ಬಾತ ಕಣ್ಣಿಲೆ ಕಂಡ್ರ ಕೇಳು!"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆಣೆ ಆಣೆಯೇ. ಅಂದಿನಿಂದ ಭೀಮಲಿಂಗಪ್ಪನ ಜತೆ ಸೌದಾ ಇದ್ದರೆ ಸೋಮಶೇಖರಪ್ಪ ಗುಮಾಸ್ತನನ್ನು ಕಳಿಸುತ್ತಿದ್ದ. ಬೀದಿಯಲ್ಲಿ ಎದುರಾದರೆ ಒಬ್ಬ ಮೋಡ ನೋಡುತ್ತಿದ್ದ, ಇನ್ನೊಬ್ಬ ಚಪ್ಪಲಿ ನೋಡುತ್ತಿದ್ದ. ಇದು ಹೀಗೆಯೇ ಸಾಗುತ್ತಿತ್ತೋ ಏನೋ. ಆದರೆ ಗುಡ್ಡದ ಸಂಘ ಬಂತು.

ಮೊದಲ ಭಾನುವಾರಗಳಲ್ಲಿ ಸೋಮಶೇಖರಪ್ಪ ನಕ್ಕ. "ಕುಂಟಗ ಎಂಟು ಚ್ಯಾಷ್ಟಿ" ಅಂದ. ಬರಬರುತ್ತ ನಗುವುದಕ್ಕೂ ಜತೆಗೆ ಯಾರೂ ಇರಲಿಲ್ಲ, ಎಲ್ಲರೂ ಗುಡ್ಡದ ಮೇಲಿದ್ದರು. ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಅವನು ಖಾಲಿ ಬೀದಿಯನ್ನು ನೋಡುತ್ತ ಕೂರುತ್ತಿದ್ದ. ಭಾನುವಾರ ಹೇಗೋ ಕಳೆಯುತ್ತಿತ್ತು, ಸೋಮವಾರ ಅದಕ್ಕಿಂತ ಕಷ್ಟ. ಬಜಾರಿನಲ್ಲಿ ಒಬ್ಬ "ಆ ಕಲ್ಲಿನ ಕತಿ ನೆನಸ್ರಿ" ಅನ್ನುತ್ತಿದ್ದ, ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾವ ಕಲ್ಲು, ಯಾವ ಕಥೆ? ಕೇಳಲು ಮರ್ಯಾದೆ ಬಿಡುತ್ತಿರಲಿಲ್ಲ. ತಿಳಿಯದೆಯೇ ನಗಲು ಒಮ್ಮೆ ನೋಡಿದ. ತಪ್ಪಾದ ಜಾಗದಲ್ಲಿ ನಕ್ಕ.

ಅವನ ಹೆಂಡತಿ ವೀರಬಸಮ್ಮನ ಕಣ್ಣಿಗೆ ಇದು ಬೀಳದೆ ಇರಲಿಲ್ಲ.

"ನೀವೂ ಹೋಗ್ರಿ ಗುಡ್ಡಕ್ಕ," ಅಂದಳು ಒಂದು ರಾತ್ರಿ ಊಟಕ್ಕೆ ಬಡಿಸುತ್ತ.

"ದೂರದ ಗುಡ್ಡ ಕಣ್ಣಿಗೆ ನುಣ್ಣಗ. ನನಗೇನು ಕೆಲಸ ಅಲ್ಲಿ?"

"ಭೀಮಲಿಂಗಪ್ಪ ಅದಾರಲ್ಲ."

"ಆ ಹೆಸರು ಎತ್ತಬ್ಯಾಡ. ವಲ್ಲಿ ಎಳದ ಮನಿಷಾ ಅವ."

"ಎಳದ್ರು, ತಪ್ಪ ಮಾಡಿದ್ರು. ಅವತ್ತ ನಿದ್ದಿ ಅವರಿಗೆ ಬಂದಿದ್ರ ನೀವು ಎಳೀತಿದ್ದಿಲ್ಲೇನು?"

"ನಾನಾ? ಎಂದೂ ಇಲ್ಲ!" ಎಂದ ಸೋಮಶೇಖರಪ್ಪ, ರೊಟ್ಟಿಯನ್ನು ಪಟ್ಟನೆ ಮುರಿದು. ಆದರೆ ಎಳೆಯುತ್ತಿದ್ದೆನೋ ಇಲ್ಲವೋ ಎಂಬುದು ಅವನಿಗೇ ಗಟ್ಟಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಅವನಿಗೆ ಭೀಮಲಿಂಗಪ್ಪ ಬೇಕಾಗಿದ್ದ. ಅವನ ಹಾಳು ಚೇಷ್ಟೆ ಬೇಕಾಗಿತ್ತು. ಗೆಳೆಯ ಸಿಗಬೇಕು, ಆಣೆ ಉಳಿಯಬೇಕು, ಬಜಾರಿನಲ್ಲಿ ತಲೆ ತಗ್ಗಬಾರದು. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟುವುದು ಹೇಗೆಂದು ತಿಳಿಯದೆ, ಮುಂದಿನ ಭಾನುವಾರ ಕೋಲು ಹಿಡಿದು ಕೋಟೆಯ ಬಾಗಿಲಿಗೆ ಹೋಗಿ ನಿಂತ.

"ಡಾಕ್ಟರು ನಡೀಬೇಕಂತ ಹೇಳ್ಯಾರ," ಎಂದು ಯಾರೂ ಕೇಳುವ ಮೊದಲೇ ಎಲ್ಲರಿಗೂ ಹೇಳಿದ. ಯಾವ ಡಾಕ್ಟರೆಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಶೇಕ್‌ಹ್ಯಾಂಡು ಶುರುವಾಯಿತು. ಒಬ್ಬೊಬ್ಬರಾಗಿ ಅಧ್ಯಕ್ಷರ ಕೈ ಕುಲುಕಿ ಮುಂದೆ ಹೋದರು. ಸೋಮಶೇಖರಪ್ಪನ ಸರದಿ ಬಂದಾಗ ಬಾಗಿಲಲ್ಲಿದ್ದವರೆಲ್ಲ ಕತ್ತು ಚಾಚಿದರು. ಅವನು ಎರಡೂ ಕೈ ಜೋಡಿಸಿ, ಮುಖವನ್ನು ಭೀಮಲಿಂಗಪ್ಪನಿಂದ ಒಂದು ಮಾರು ಆಚೆಗೆ ತಿರುಗಿಸಿ, "ಶರಣು" ಅಂದ. ಅಲ್ಲಿ ನಿಂತಿದ್ದವನು ಚಂದ್ರಣ್ಣ. ಭೀಮಲಿಂಗಪ್ಪನೂ ಚಂದ್ರಣ್ಣನ ಕಡೆ ತಿರುಗಿ ಕೈ ಮುಗಿದು "ಶರಣು ಶರಣಾರ್ಥಿ" ಅಂದ. ದೊಡ್ಡವರಿಬ್ಬರ ಶರಣಿನ ನಡುವೆ ಸಿಕ್ಕ ಚಂದ್ರಣ್ಣ ಯಾರಿಗೆ ಕೈ ಮುಗಿಯುವುದೆಂದು ತಿಳಿಯದೆ ಸೀಟಿ ಊದಿದ.

ಆ ದಿನದಿಂದ ಚಂದ್ರಣ್ಣನಿಗೆ ಹೊಸ ಕೆಲಸವೊಂದು ಗಂಟುಬಿತ್ತು. "ಚಂದ್ರಣ್ಣ, ಕಡೀಗೆ ಬರೋರಿಗೆ ಹೇಳು, ಜಾರತೈತಿ, ಹುಷಾರು," ಎಂದು ಮೇಲಿನಿಂದ ಭೀಮಲಿಂಗಪ್ಪ ಕೂಗುವನು. "ಸೌಕಾರ್ರ, ಜಾರತೈತಂತ್ರಿ," ಎಂದು ಚಂದ್ರಣ್ಣ ಕೆಳಕ್ಕೆ ಓಡಿ ಬಂದು ಹೇಳುವನು. "ನನಗೂ ಕಣ್ಣ ಅದಾವ ಅಂತ ಹೇಳು," ಎಂದು ಸೋಮಶೇಖರಪ್ಪ. "ಅವರಿಗೂ ಕಣ್ಣ ಅದಾವಂತ್ರಿ," ಎಂದು ಚಂದ್ರಣ್ಣ ಮತ್ತೆ ಮೇಲಕ್ಕೆ. ಉಳಿದವರು ಗುಡ್ಡವನ್ನು ಒಂದು ಸಲ ಹತ್ತಿದರೆ ಪಾಪ ಅವನು ಅದೇ ಗುಡ್ಡವನ್ನು ಮತ್ತೆ ಮತ್ತೆ ಹತ್ತಿ ಇಳಿಯುತ್ತಿದ್ದ.

ಸೋಮಶೇಖರಪ್ಪ ಮೊದಲ ದಿನವೇ ಅರ್ಧ ಹತ್ತುವುದರೊಳಗೆ ಒಂದು ಕಲ್ಲಿನ ಮೇಲೆ ಕುಸಿದ. ಎದೆಯೊಳಗೆ ಹಿಟ್ಟಿನ ಗಿರಣಿ ನಡೆದ ಹಾಗಿತ್ತು. ಹುಲ್ಲಿನ ಹೊರೆ ಹೊತ್ತು ಇಳಿಯುತ್ತಿದ್ದ ವೆಂಕಮ್ಮ ಎಂಬ ಮುದುಕಿ ಅವನನ್ನು ಕಂಡು ನಿಂತಳು. ಅವನ ಅಂಗಡಿಯ ಎತ್ತುಗಳಿಗೆ ಹುಲ್ಲು ಹಾಕುವವಳು ಅವಳೇ. ಸೌಕಾರರು ಗುಡಿಯಿಲ್ಲದ ಗುಡ್ಡವನ್ನು ಬೆವರು ಸುರಿಸಿ ಹತ್ತುತ್ತಿರುವುದು ಕಂಡು ಅವಳಿಗೆ ಕನಿಕರ ಬಂತು.

"ಕೊಂಡ ಮೀದ ಏಂ ಪೋಗೊಟ್ಟುಕೊನ್ನಾರು ಸಾಮೀ?" ಎಂದು ತೆಲುಗಿನಲ್ಲಿ ಕೇಳಿದಳು.

ಗುಡ್ಡದ ಮೇಲೆ ಏನು ಕಳಕೊಂಡಿದ್ದೀರಿ ಎಂದು. ಸೋಮಶೇಖರಪ್ಪ ತಲೆಯೆತ್ತಿ ನೋಡಿದ. ಮೇಲುಗಡೆ ಎಲ್ಲರಿಗಿಂತ ಮುಂದೆ, ವಲ್ಲಿಯನ್ನು ತಲೆಗೆ ಸುತ್ತಿಕೊಂಡು, ಉದ್ದ ಕೈ ಬೀಸುತ್ತ ಭೀಮಲಿಂಗಪ್ಪ ಹೋಗುತ್ತಿದ್ದ. ಸೋಮಶೇಖರಪ್ಪ ಕೋಲು ಊರಿ ಮತ್ತೆ ಎದ್ದ.

ಹೀಗೆಯೇ ಭಾನುವಾರಗಳು ಕಳೆದವು. ಅಧ್ಯಕ್ಷ ಯಾವಾಗಲೂ ಮುಂದೆ, ಸೋಮಶೇಖರಪ್ಪ ಯಾವಾಗಲೂ ಹಿಂದೆ, ನಡುವೆ ಇಡೀ ಗುಡ್ಡ. ಹೊಟ್ಟೆ ತುಸು ಕರಗಿತು, ಆಣೆ ಒಂದು ಗುಲಗಂಜಿಯಷ್ಟೂ ಕರಗಲಿಲ್ಲ.

ಪುಷ್ಯ ಮಾಸದಲ್ಲಿ ಸಂಘ ದೊಡ್ಡ ಯೋಜನೆ ಹಾಕಿತು: ಬೆಳಗಿನ ಪ್ಯಾಸೆಂಜರ್ ರೈಲಿಗೆ ಕೋಸಗಿಗೆ ಹೋಗುವುದು, ಅಲ್ಲಿಯ ಗುಂಡುಕಲ್ಲುಗಳ ಗುಡ್ಡ ಹತ್ತುವುದು, ರಾಯಚೂರಿನ ಕಡೆಯಿಂದ ಬರುವ ಸಂಜೆಯ ಪ್ಯಾಸೆಂಜರಿಗೆ ವಾಪಸು. ಅದು ತಪ್ಪಿದರೆ ರಾತ್ರಿಯೆಲ್ಲ ಸ್ಟೇಷನ್ನಿನ ಕಟ್ಟೆಯೇ ಗತಿ. ವೀರಬಸಮ್ಮ ನಸುಕಿನಲ್ಲೆದ್ದು ಸಜ್ಜಿ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು, ಗುರೆಳ್ಳು ಚಟ್ನಿಪುಡಿಯನ್ನು ಡಬ್ಬಿಯ ತುಂಬ ಒತ್ತಿ ತುಂಬಿದಳು.

"ಇಷ್ಟ್ಯಾಕ ಪುಡಿ? ನಾ ಒಬ್ಬ ತಿನ್ನಾಂವ."

"ಬಲ್ಲೋರು ಯಾರಾದ್ರೂ ಸಿಗತಾರ. ಒಯ್ರಿ ಸುಮ್ನ," ಅಂದಳು ಆಕೆ.

ಗುರೆಳ್ಳು ಪುಡಿ ಎಂದರೆ ಯಾರು ಪ್ರಾಣ ಬಿಡುತ್ತಿದ್ದರೆಂದು ಗಂಡನಿಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ಅವನು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡ.

ಕೋಸಗಿಯ ಗುಡ್ಡ ನಮ್ಮ ಕೋಟೆಯ ಗುಡ್ಡದ ಹಾಗಲ್ಲ. ಮನೆಯಷ್ಟು ದೊಡ್ಡ ಗುಂಡುಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿ, ಕೆಲಸ ಬೇಸರವಾಗಿ ಅರ್ಧಕ್ಕೇ ಬಿಟ್ಟುಹೋದ ಹಾಗಿದೆ. ಮಧ್ಯಾಹ್ನ ಮೇಲೆ ಒಂದು ಬಂಡೆಯ ನೆರಳಿನಲ್ಲಿ, ನೀರು ನಿಂತ ದೊಣೆಯ ಹತ್ತಿರ, ಎಲ್ಲರೂ ಕೈಕಾಲು ತೊಳೆದು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಬುತ್ತಿ ಬಿಚ್ಚಿದರು. ಸೋಮಶೇಖರಪ್ಪನ ಡಬ್ಬಿ ಸುತ್ತು ಹೊರಟಿತು. ಭೀಮಲಿಂಗಪ್ಪನ ಬಳಿ ಬಂದದ್ದು ಅಲ್ಲಿಯೇ ನಿಂತಿತು. ಅವನು ಪುಡಿಯನ್ನು ರೊಟ್ಟಿಗೆ ಹಚ್ಚಿ, ಎಣ್ಣೆ ಹಾಕಿಕೊಂಡು, ಕಣ್ಣು ಮುಚ್ಚಿ ತಿಂದ.

"ಚಂದ್ರಣ್ಣ," ಎಂದ ಕೊನೆಗೆ, "ಪುಡಿ ಮಾಡಿದ ತಂಗೀಗೆ ಹೇಳಾಕ ಹೇಳು, ಕೈ ಇನ್ನೂ ಹಂಗ ಐತಿ ಅಂತ."

"ಸೌಕಾರ್ರ, ಕೈ ಇನ್ನೂ..."

"ಕೇಳಿಸ್ತು," ಅಂದ ಸೋಮಶೇಖರಪ್ಪ ಗಡುಸಾಗಿ. ಕಿವಿಗೆ ಬಿದ್ದ ಮಾತು ಎದೆಯಲ್ಲಿ ಬೆಚ್ಚಗೆ ಕೂತಿತು. ಆ ಬಿಸಿಗೇ ಇರಬೇಕು, ಇಳಿಯುವಾಗ ಅವನಿಗೆ ಹುರುಪು ಬಂತು. ಇಂದು ಎಲ್ಲರಿಗಿಂತ ಮುಂಚೆ ಇಳಿದು ತೋರಿಸುತ್ತೇನೆ ಎಂದುಕೊಂಡು, ದಾರಿ ಬಿಟ್ಟು, ಎರಡು ಗುಂಡುಗಳ ನಡುವಿನ ಸಂದಿಯಲ್ಲಿ ಕಾಲಿಟ್ಟ. ಕಾಲು ಜಾರಿತು. ಸರ್ರನೆ ಕೆಳಗಿಳಿದವನು ಹೊಟ್ಟೆಯವರೆಗೆ ಹೋಗಿ ಗಕ್ಕನೆ ನಿಂತ. ಪ್ರೆಸ್ಸಿನಲ್ಲಿ ಸಿಕ್ಕ ಹತ್ತಿಯ ಅಂಡಿಗೆಯ ಹಾಗೆ, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕಾಲುಗಳು ಗಾಳಿಯಲ್ಲಿ ನೆಲ ಹುಡುಕುತ್ತಿದ್ದವು.

ಚಂದ್ರಣ್ಣ ಸೀಟಿ ಊದಿದ. ಸಂಘವೆಲ್ಲ ಸುತ್ತ ನೆರೆಯಿತು. ಒಬ್ಬ ತನ್ನ ಹೊಸ ರುಮಾಲು ಬಿಚ್ಚಿ ಹಗ್ಗದಂತೆ ಹೊಸೆದು ಕೆಳಗೆ ಬಿಟ್ಟ. ಸೋಮಶೇಖರಪ್ಪ ಹಿಡಿದ, ಎಲ್ಲರೂ ಎಳೆದರು, ರುಮಾಲು ಟರ್ರೆಂದು ನಡುವೆಯೇ ಹರಿಯಿತು. ಬೇರೆ ಊರಿನವರಾಗಿದ್ದರೆ ಮತ್ತೊಂದು ರುಮಾಲು ಹುಡುಕುತ್ತಿದ್ದರು. ಆದವಾನಿಯವರು ಹರಿದ ತುದಿಯನ್ನು ಬಿಸಿಲಿಗೆ ಹಿಡಿದು ನೂಲು ಪರೀಕ್ಷೆಗೆ ನಿಂತರು.

"ಎಳಿ ಗಿಡ್ಡ ಐತಿ. ಇದು ನಮ್ಮ ಕಡೀ ಹತ್ತಿ ಅಲ್ಲ ಬಿಡ್ರಿ."

"ನಮ್ಮದ ಐತಿ, ಜಿನ್ನಿನ್ಯಾಗ ಕಡದಾರ."

"ಜಿನ್ನಿಗ್ಯಾಕ ಬೈತೀರಿ? ತ್ಯಾವ ಐತಿ ಹತ್ತೀಲೆ."

ಸಂದಿಯೊಳಗಿಂದ ಒಂದು ದನಿ ಬಂತು: "ಒಂದೀಟ ಇಲ್ಲಿ ಕೊಡ್ರಿ ನೋಡೋಣು." ಸೋಮಶೇಖರಪ್ಪ ತನ್ನ ಕೈಯಲ್ಲಿದ್ದ ತುಂಡಿನಿಂದ ಎಳೆಯೊಂದನ್ನು ಬಿಡಿಸಿ, ಉಗುರಿನ ಮೇಲೆ ಎಳೆದು ನೋಡಿ, "ಗಿಡ್ಡ ಎಳೀನ," ಎಂದು ತೀರ್ಪು ಕೊಟ್ಟ. ಆಗ ಅವನಿಗೆ ತಾನು ಎಲ್ಲಿದ್ದೇನೆಂಬುದು ಮತ್ತೆ ನೆನಪಾಯಿತು.

ಅಷ್ಟರಲ್ಲಿ ಉತ್ತರಕ್ಕೆ, ಹೊಲಗಳ ಅಂಚಿನಲ್ಲಿ, ಹೊಗೆ ಕಂಡಿತು. ಸಂಜೆಯ ರೈಲು ದೂರದಲ್ಲಿ ಬರುತ್ತಿತ್ತು. ಈಗ ಹತ್ತಿ ಎಲ್ಲರಿಗೂ ಮರೆತುಹೋಯಿತು. ಸಂದಿಯ ಮೇಲೆ ಒಬ್ಬನೇ ಬೋರಲು ಮಲಗಿ ಕೈ ಚಾಚುವಷ್ಟು ಜಾಗ. ಚಂದ್ರಣ್ಣ ಮಲಗಿ ನೋಡಿದ. ಅವನ ಕೈ ಗಿಡ್ಡ. ಆ ಆಳಕ್ಕೆ ಮುಟ್ಟುವ ಕೈ ಇಡೀ ಸಂಘದಲ್ಲಿ ಒಂದೇ ಇತ್ತು. ಅದು ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ಭೀಮಲಿಂಗಪ್ಪ ಕೋಟು ಬಿಚ್ಚಿ, ಬಂಡೆಯ ಮೇಲೆ ಬೋರಲು ಬಿದ್ದು, ಕೈ ಕೆಳಗೆ ಬಿಟ್ಟ.

"ಚಂದ್ರಣ್ಣ, ಹಿಡಕೊಳ್ಳಾಕ ಹೇಳು ಅವರಿಗೆ."

ಆ ಕೈ ಸೋಮಶೇಖರಪ್ಪನ ಮುಖದ ಮುಂದೆ, ಒಂದು ಗೇಣಿನಾಚೆ ಇತ್ತು. ಹೆಬ್ಬೆರಳಿನ ಬುಡದ ಹಳೆಯ ಗಾಯದ ಗುರುತು, ಕಿರುಬೆರಳಿನ ತಾಮ್ರದ ಉಂಗುರ. ಹಿಡಿಯಬೇಕೆಂಬ ಆಸೆ ಎಷ್ಟಿತ್ತೆಂದರೆ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡ.

"ಚಂದ್ರಣ್ಣ, ಆಣಿ ಐತಿ ಅಂತ ಹೇಳು."

"ಆಣಿ ಐತಂತ್ರಿ."

"ರೈಲು ಬಂತಂತ ಹೇಳು!"

"ನೀವೆಲ್ಲ ಹೋಗ್ರಿ ಅಂತ ಹೇಳು. ನಾ ಇಲ್ಲೇ ಇರ್ತೀನಿ. ರಾತ್ರಿ ಹಸದ್ರ ಹೊಟ್ಟಿ ಕರಗತೈತಿ, ನಸುಕಿನ್ಯಾಗ ತಾನಾಗಿ ಜಾರಿ ಹೊರಗ ಬರ್ತೀನಿ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇಂಥವರನ್ನು ಕಂಡೇ ಹುಟ್ಟಿದ ಮಾತಿರಬೇಕು. ಚಂದ್ರಣ್ಣ ಅದನ್ನು ಮೇಲಕ್ಕೆ ತಲುಪಿಸಲು ಬಾಯಿ ತೆರೆದ. ಭೀಮಲಿಂಗಪ್ಪ ಅವನಿಗೆ ಸುಮ್ಮನಿರು ಎಂದು ಸನ್ನೆ ಮಾಡಿ, ತಲೆಯನ್ನು ಸಂದಿಯೊಳಗೆ ತೂರಿಸಿದ.

"ಲೇ ಸೋಮ್ಯಾ!"

ಮೂರು ವರ್ಷದ ಮೇಲೆ ಕೇಳಿದ ಆ ಹೆಸರಿಗೆ ಕೆಳಗಿನ ಕಾಲುಗಳು ಒದ್ದಾಡುವುದನ್ನು ನಿಲ್ಲಿಸಿದವು.

"ಏನಂತ ಆಣಿ ಇಟ್ಟಿದ್ಯೋ? ನೀ ನನ್ನ ಕೈ ಹಿಡಿದದ್ದನ್ನ ಒಬ್ಬಾತ ಕಣ್ಣಿಲೆ ಕಂಡ್ರ ಅಂತ, ಹೌದಿಲ್ಲೋ?" ಎನ್ನುತ್ತ ಭೀಮಲಿಂಗಪ್ಪ ತಲೆಗೆ ಸುತ್ತಿದ್ದ ವಲ್ಲಿ ಬಿಚ್ಚಿ, ಚಾಚಿದ ತನ್ನ ಕೈಯ ಮೇಲೆ ಹೊದಿಸಿದ. "ತಗಾ. ಇನ್ನ ಯಾವನ ಕಣ್ಣಿಗೂ ಕಾಣಾಂಗಿಲ್ಲ. ವಲ್ಲಿ ಕೆಳಗಿಂದಕ್ಕ ಸಾಕ್ಷಿ ಇಲ್ಲ, ಬಜಾರದ ಕಾಯ್ದೆ."

ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಯ್ದೆ ಸರಿಯಾಗಿಯೇ ಇತ್ತು.

"ಶಿವ ಕಾಣತಾನಲ್ಲೋ," ಎಂದ ಸೋಮಶೇಖರಪ್ಪ. ದನಿ ಸಣ್ಣದಾಗಿತ್ತು.

"ಶಿವ ಬಜಾರಕ್ಕ ಬಂದ್ರೂ ವಲ್ಲಿ ಎತ್ತಿ ನೋಡಾಂಗಿಲ್ಲ."

"ಶಿವ ಎತ್ತಿಲ್ಲಪಾ. ನೀ ಎತ್ತಿದಿ."

ಭೀಮಲಿಂಗಪ್ಪನ ಮುಖ ಕಲ್ಲಿಗೆ ಒತ್ತಿಕೊಂಡು ಕೆಂಪಾಗಿತ್ತು, ಕಣ್ಣು ಕೂಡ.

"ಎತ್ತಿದೆ," ಅಂದ. "ನಾಕು ಮಂದೀನ ನಗಸಾಕ ಹೋಗಿ ನಿನ್ನ ಕಳಕೊಂಡೆ. ಬೊಂಬಾಯಿ ಬಿಟ್ಟಿಲ್ಲ, ಗುಡ್ಡ ಬಿಟ್ಟಿಲ್ಲ, ಎಲ್ಲಿ ಹೋದ್ರೂ ಮನಸ ಹತ್ತವಲ್ದು. ಕೈ ಹಿಡೀಲೇ ಸೋಮ್ಯಾ, ನನ್ನ ಎದಿ ಕಲ್ಲಿಗೆ ಒತ್ತಾಕ ಹತ್ತೈತಿ."

ವಲ್ಲಿಯ ಕೆಳಗೆ ಒಂದು ಕೈ ಮೆಲ್ಲಗೆ ನುಸುಳಿತು. ಮೂರು ವರ್ಷ ಕಳೆದರೂ ರೂಢಿ ಬಿಡಬೇಕಲ್ಲ. ಅದು ನೇರವಾಗಿ ಹೋಗಿ ದರ ಕೇಳುವವರ ಹಾಗೆ ತೋರುಬೆರಳು ಹಿಡಿಯಿತು.

"ಬೆರಳ ಬ್ಯಾಡೋ ಪುಣ್ಯಾತ್ಮಾ, ಮುಂಗೈ ಹಿಡಿ!"

ಭೀಮಲಿಂಗಪ್ಪ ಎಳೆದ. ಅವನ ಸೊಂಟವನ್ನು ಚಂದ್ರಣ್ಣ ಎಳೆದ. ಚಂದ್ರಣ್ಣನ ಚಡ್ಡಿಯನ್ನು ಉಳಿದವರು ಎಳೆದರು. ಅಂಗಿಯ ಗುಂಡಿಗಳು ಪಟಪಟ ಉದುರಿದವು, ಧೋತರ ಹರಿಯಿತು, ಸೋಮಶೇಖರಪ್ಪ ಬಾಟಲಿಯ ಬಿರಡೆಯಂತೆ ಹೊರಗೆ ಬಂದು ಗೆಳೆಯನ ಮೇಲೆಯೇ ಬಿದ್ದ. ಇಷ್ಟೆಲ್ಲ ಆದರೂ ವಲ್ಲಿ ಮಾತ್ರ ಇಬ್ಬರ ಕೈಗಳ ಮೇಲೆಯೇ ಇತ್ತು. ಅದನ್ನು ಕಾಪಾಡಲು ಇಬ್ಬರೂ ಎಡಗೈಯನ್ನು ಮೀಸಲಿಟ್ಟಿದ್ದರು.

ಎಲ್ಲರೂ ಸ್ಟೇಷನ್ನಿನ ಕಡೆ ಓಡಿದರು. ಇವರಿಬ್ಬರೂ ಓಡಿದರು, ಆದರೆ ಜೋಡಿ ಎತ್ತಿನ ಹಾಗೆ ಅಕ್ಕಪಕ್ಕ, ನಡುವೆ ವಲ್ಲಿ.

"ಸೌಕಾರ್ರ, ಇನ್ನ ಕೈ ಬಿಡಬೌದಲ್ರೀ," ಎಂದ ಚಂದ್ರಣ್ಣ ಏದುಸಿರು ಬಿಡುತ್ತ.

"ಸೌದಾ ಕುದುರಿಲ್ಲ ಇನ್ನೂ," ಎಂದ ಸೋಮಶೇಖರಪ್ಪ. "ಕುದರೂಮಟ ಕೈ ತಗಿಯಾಂಗಿಲ್ಲ. ಕಾಯ್ದೆ."

ಯಾವ ಸೌದಾ, ಯಾವ ಮಾಲು ಎಂದು ಕೇಳುವ ಧೈರ್ಯ ಚಂದ್ರಣ್ಣನಿಗೆ ಬರಲಿಲ್ಲ. ರೈಲು ಸಿಕ್ಕಿತು. ಇಬ್ಬರನ್ನೂ ಒಟ್ಟಿಗೆ ಡಬ್ಬಿಯೊಳಕ್ಕೆ ನೂಕುವುದೇ ಒಂದು ಹರಸಾಹಸವಾಯಿತು. ಹಲಗೆಯ ಮೇಲೆ ಎದುರುಬದುರು ಕೂರಲು ಜಾಗವಿಲ್ಲದೆ ಪಕ್ಕಪಕ್ಕ ಕೂತರು. ಭೀಮಲಿಂಗಪ್ಪ ಬೆಳಗಿನಿಂದ ಎಲ್ಲರಿಗಿಂತ ಮುಂದೆ ನಡೆದವನು, ಕೊನೆಗೆ ಒಂದು ಅಂಡಿಗೆಯನ್ನೇ ಎತ್ತಿದವನು. ಹೊಲಗಳ ಮೇಲೆ ಹೊತ್ತು ಮುಳುಗುತ್ತಿತ್ತು, ತಂಪು ಗಾಳಿ ಬರುತ್ತಿತ್ತು, ಹೊಟ್ಟೆಯಲ್ಲಿ ಸಜ್ಜಿ ರೊಟ್ಟಿ ಇತ್ತು. ಒಂದು ಸ್ಟೇಷನ್ ದಾಟುವುದರೊಳಗೆ ಅವನ ತಲೆ ತೂಗಿತು. ಬಾಯಿ ತೆರೆಯಿತು. ಸೋಮಶೇಖರಪ್ಪನ ಹೆಗಲ ಮೇಲೆ ತಲೆ ಬಿತ್ತು. ವಲ್ಲಿಯ ಕೆಳಗಿನ ಹಿಡಿತ ಸಡಿಲವಾಯಿತು. ಅಧ್ಯಕ್ಷರು ಗೊರಕೆ ಹೊಡೆಯತೊಡಗಿದರು.

ಡಬ್ಬಿಯಲ್ಲಿದ್ದವರ ಕಣ್ಣೆಲ್ಲ ಅತ್ತ ತಿರುಗಿದವು. ಮೂರು ವರ್ಷದ ಹಿಂದಿನ ಮಧ್ಯಾಹ್ನವನ್ನು ಕಂಡವರೇ ಅಲ್ಲಿ ಬಹಳ ಮಂದಿ. ಒಬ್ಬ ಇನ್ನೊಬ್ಬನ ಪಕ್ಕೆಗೆ ತಿವಿದ. ಎದುರಿಗೆ ಕೂತವನು ಬಾಯಿಗೆ ಕೈ ಅಡ್ಡ ಹಿಡಿದು, ಎಳೀರಿ, ಎಳೀರಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದ. ಚಂದ್ರಣ್ಣನಂತೂ, ವಲ್ಲಿ ಎಳೆದ ಕೂಡಲೆ ಊದಲು ಸೀಟಿಯನ್ನು ತುಟಿಗೆ ಇಟ್ಟುಕೊಂಡಿದ್ದ. ನಗು ಎಲ್ಲರ ಹೊಟ್ಟೆಯಲ್ಲಿ ಸಿದ್ಧವಾಗಿ ಕೂತಿತ್ತು.

ಸೋಮಶೇಖರಪ್ಪ ವಲ್ಲಿಯ ತುದಿಗೆ ಎಡಗೈ ಹಾಕಿದ. ಒಂದು ಸಲ ಎಳೆದರೆ ಸಾಕು. ನಾಳೆ ಬಜಾರಿನಲ್ಲಿ ನಗಲು ಅವನಿಗೂ ಒಂದು ಕಥೆ ಇರುತ್ತಿತ್ತು. ಅದೂ ಸರಿಯಾದ ಜಾಗದಲ್ಲಿ ನಗುವ ಕಥೆ. ನೀವು ಎಳೀತಿದ್ದಿಲ್ಲೇನು ಎಂದು ವೀರಬಸಮ್ಮ ಕೇಳಿದ್ದು ನೆನಪಾಯಿತು. ಕೈ ಒಂದು ಕ್ಷಣ ಅಲ್ಲಿಯೇ ನಿಂತಿತು. ಎಳೆಯುವ ಆಸೆ ಅವನಿಗೂ ಇತ್ತು, ಸುಳ್ಳು ಯಾಕೆ.

ಅವನು ವಲ್ಲಿಯನ್ನು ಎಳೆದ. ಮೇಲಕ್ಕೆ ಎಳೆದು, ಭೀಮಲಿಂಗಪ್ಪನ ಎದೆಯವರೆಗೂ ಹೊದಿಸಿ, ಗಾಳಿಗೆ ಹಾರದಂತೆ ಅಂಚನ್ನು ಅವನ ಬೆನ್ನಿನ ಕೆಳಗೆ ಸಿಗಿಸಿದ. ಆಮೇಲೆ ಡಬ್ಬಿಯ ಕಡೆ ಮುಖವೆತ್ತಿ, ಬಜಾರಿನ ಗೋಡೆಯಂಥ ಮುಖದಿಂದ ಒಬ್ಬೊಬ್ಬರನ್ನೂ ನೋಡಿದ.

"ಗದ್ದಲ ಮಾಡಬ್ಯಾಡ್ರಿ," ಅಂದ ಮೆಲ್ಲಗೆ. "ಸೌದಾ ನಡದೈತಿ."